ಅತ್ತೆ ಬೇಡ ಅಂತಾರೆ, ಮಗಳು ಹೋಗೋಣ ಅಂತಾಳೆ: ಶಿವಡಿಯ ಹಳೆಯ ಸ್ಮಶಾನ ನೋಡಲು ಹೋಗಬಹುದೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ನೆಲೆಸಿರುವ ಕುಂದಾಪುರ ಕಡೆಯವರು. ಮಗಳು ಒಂಬತ್ತನೇ ತರಗತಿ. ಶಾಲೆಯಲ್ಲಿ ಮುಂಬಯಿಯ ಇತಿಹಾಸದ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಕಟ್ಟಿದ ಇಂಜಿನಿಯರನ ಗೋರಿ ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿದೆ ಎಂದು ಎಲ್ಲೋ ಓದಿ, ಅಲ್ಲಿಗೆ ಹೋಗಿ ಆಮೇಲೆ ದಕ್ಷಿಣ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶವನ್ನು ನಡೆದು ನೋಡೋಣ ಎಂದು ಹಟ ಹಿಡಿದಿದ್ದಾಳೆ. ಮಹಾಯುದ್ಧದ ಸೈನಿಕರ ಗೋರಿಗಳನ್ನೂ ನೋಡಬೇಕಂತೆ. ಅತ್ತೆಗೆ ಇದು ಸ್ವಲ್ಪವೂ ಇಷ್ಟವಿಲ್ಲ. 'ಸುಡುಗಾಡಿಗೆ ಯಾರಾದರೂ ಸುತ್ತಾಡಲು ಹೋಗುತ್ತಾರಾ?' ಎನ್ನುತ್ತಾರೆ. ಪ್ಲೇಗು, ಕಾಲರಾದಲ್ಲಿ ಸತ್ತವರನ್ನು ಹೂತ ಜಾಗ, ಮಣ್ಣಿನಲ್ಲಿ ರೋಗ ಉಳಿದಿರುತ್ತದೆ ಎಂದು ಪಕ್ಕದ ಮನೆಯವರೂ ಹೆದರಿಸಿದ್ದಾರೆ. ಎಂಟು ವರ್ಷದ ಮಗ ರಾತ್ರಿ ಬೇಗ ಹೆದರುತ್ತಾನೆ. ಮಾವನಿಗೆ 72, ಮೊಣಕಾಲು ನೋವು, ಆದರೆ ಅವರೂ ಬರುತ್ತೇನೆ ಅನ್ನುತ್ತಿದ್ದಾರೆ. ಸವೆದ ಅಕ್ಷರ ಓದಲು ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಬೇಕು ಎಂದು ಮಗಳು ಒಂದು ವಿಡಿಯೊದಲ್ಲಿ ನೋಡಿದ್ದಾಳೆ. ಏನು ಮಾಡಲಿ?

ಉತ್ತರ: ಹೋಗಬಹುದು. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಹಳೆಯ ಕಟ್ಟಡ, ಗೋರಿಗಲ್ಲುಗಳ ದುರಸ್ತಿಯೇ ನನ್ನ ವೃತ್ತಿ. ಆಸಕ್ತರನ್ನು ಕರೆದುಕೊಂಡು ಇದೇ ದಾರಿಯಲ್ಲಿ ನಡೆಯುವುದೂ ಉಂಟು. ಆ ಅನುಭವದಿಂದ ಹೇಳುವುದಾದರೆ, ನಿಮ್ಮ ಮನೆಯಲ್ಲಿ ಚರ್ಚೆಯಾಗುತ್ತಿರುವ ಭಯಗಳಲ್ಲಿ ಹೆಚ್ಚಿನವಕ್ಕೆ ಆಧಾರವಿಲ್ಲ. ನಿಜವಾಗಿ ಯೋಚಿಸಬೇಕಾದ ವಿಷಯಗಳು ಬೇರೆಯೇ ಇವೆ, ಅವುಗಳ ಬಗ್ಗೆ ಯಾರೂ ಮಾತಾಡಿದಂತಿಲ್ಲ. ಎಲ್ಲಕ್ಕಿಂತ ಮೊದಲನೆಯದು: ಶಿವಡಿ ಬರೀ ಹಳೆಯ ಸ್ಮಾರಕವಲ್ಲ. ಅಲ್ಲಿ ಈಗಲೂ ಅಂತ್ಯಕ್ರಿಯೆಗಳು ನಡೆಯುತ್ತವೆ. ನೀವು ನೂರಿಪ್ಪತ್ತು ವರ್ಷ ಹಳೆಯ ಕಲ್ಲನ್ನು ಓದುತ್ತಿರುವಾಗ ನಾಲ್ಕು ಸಾಲು ಆಚೆ ಒಂದು ಕುಟುಂಬ ತಮ್ಮವರನ್ನು ಮಣ್ಣು ಮಾಡುತ್ತಿರಬಹುದು. ನಾನು ಹೇಳುವ ಎಲ್ಲ ಎಚ್ಚರಿಕೆಗಳೂ ಇದರಿಂದಲೇ ಹುಟ್ಟಿದವು.

ಮೊದಲು ಅತ್ತೆಯವರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಸ್ಮಶಾನದಿಂದ ಬಂದವರು ಸ್ನಾನ ಮಾಡಬೇಕು, ಮಕ್ಕಳು, ಬಸುರಿಯರು ಹೋಗಬಾರದು ಎಂಬ ಪದ್ಧತಿಗಳೆಲ್ಲ ಶವ ಸಂಸ್ಕಾರದ ಸಮಯಕ್ಕೆ ಸಂಬಂಧಿಸಿದವು. ಅಲ್ಲಿ ಹೆಣವಿದೆ, ಅಳುವಿದೆ, ಉರಿಯುವ ಚಿತೆಯಿದೆ. ಎಳೆಯ ಮನಸ್ಸುಗಳನ್ನು ಅದರಿಂದ ದೂರ ಇಡಬೇಕು ಎಂದು ಹಿರಿಯರಿಗೆ ಅನ್ನಿಸಿದ್ದು ಸಹಜ. ಆದರೆ ಸತ್ತವರ ನೆನಪಿನ ಜಾಗಗಳಿಗೆ ಹೋಗುವುದು ನಮಗೇನೂ ಹೊಸತಲ್ಲ. ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋದ ಮಕ್ಕಳೆಲ್ಲ ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಂದವರೇ. ಅದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ, ಅಲ್ವಾ? ಲಿಂಗಾಯತ ಮಠಗಳ ಗದ್ದುಗೆಗೆ ಜನ ಹಬ್ಬದ ಬಟ್ಟೆಯಲ್ಲಿ ಹೋಗುತ್ತಾರೆ. ಊರ ಹೊರಗಿನ ವೀರಗಲ್ಲಿಗೆ ಅರಿಸಿನ ಕುಂಕುಮ ಹಚ್ಚುತ್ತಾರೆ. ಇವೆಲ್ಲ ಸತ್ತವರ ನೆನಪಿಗೆ ನಿಂತ ಜಾಗಗಳೇ. ಇದನ್ನು ಅತ್ತೆಗೆ ವಾದದಂತಲ್ಲ, ಮಾತಿನ ನಡುವೆ ಹೇಳಿ ನೋಡಿ. ಮನೆಗೆ ಬಂದ ಕೂಡಲೇ ಎಲ್ಲರೂ ಸ್ನಾನ ಮಾಡುತ್ತೇವೆ ಅನ್ನಿ. ಶಿವಡಿಯ ಧೂಳು, ಲೋಕಲಿನ ಬೆವರು ಕಂಡಮೇಲೆ ಅದು ಹೇಗೂ ಬೇಕಾಗುತ್ತದೆ. ಇಷ್ಟಾದರೂ ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ಅವರು ಮನೆಯಲ್ಲೇ ಇರಲಿ, ನೀವು ಹೋಗಿಬನ್ನಿ.

ಮಗನ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ಬೆಳಗಿನ ಬಿಸಿಲಿನಲ್ಲಿ, ಅಪ್ಪ ಅಮ್ಮನ ಜೊತೆ, ಮರ ಗಿಡ ಇರುವ ಜಾಗ. ಮಕ್ಕಳು ಹೆದರುವುದು ನಾವು ದನಿ ತಗ್ಗಿಸಿ ಮಾತಾಡಿದಾಗ, ದೆವ್ವದ ಮಾತು ತೆಗೆದಾಗ. ಅವನಿಗೊಂದು ಕೆಲಸ ಕೊಡಿ. ಗೋರಿಗಳ ಮೇಲಿನ ಚಿತ್ರಗಳನ್ನು ಹುಡುಕಲು ಹೇಳಿ. ಲಂಗರು ಕೆತ್ತಿದ್ದರೆ ಅದು ಭರವಸೆಯ ಗುರುತು, ಕೆಲವೊಮ್ಮೆ ಹಡಗಿನವನದೂ ಇರಬಹುದು. ಕೈಕುಲುಕುತ್ತಿರುವ ಎರಡು ಕೈಗಳು ಅಂದರೆ ಬೀಳ್ಕೊಡುಗೆ. ಪಾರಿವಾಳ, ಬಟ್ಟೆ ಹೊದ್ದ ಹೂಜಿ, ಹೂವಿನ ಹಾರ ಎಲ್ಲಕ್ಕೂ ಅರ್ಥವಿದೆ. ಅರ್ಧಕ್ಕೇ ಮುರಿದುಹೋದ ಕಂಬ ಕಂಡರೆ ಯಾರೋ ಕಿಡಿಗೇಡಿಗಳು ಒಡೆದಿದ್ದಾರೆ ಎಂದು ಹೆಚ್ಚಿನವರು ಬೇಸರ ಮಾಡಿಕೊಳ್ಳುತ್ತಾರೆ. ಮೇಲ್ತುದಿಯನ್ನು ಹತ್ತಿರದಿಂದ ನೋಡಿ. ಮುರುಕು ಅಂಚನ್ನೂ ಉಳಿಯಿಂದ ಕಡೆದಿದ್ದರೆ ಅದನ್ನು ಮಾಡಿಸಿದ್ದೇ ಹಾಗೆ. ಅರ್ಧ ಆಯಸ್ಸಿಗೆ ಹೋದವರಿಗೆ ಇಡುತ್ತಿದ್ದ ಕಲ್ಲು ಅದು. ಕುರಿಮರಿಯ ಕೆತ್ತನೆ ಸಾಮಾನ್ಯವಾಗಿ ಮಗುವಿನ ಗೋರಿಯ ಮೇಲೆ ಇರುತ್ತದೆ. ಮಗ ಅದನ್ನು ಕಂಡು ಕೇಳಿಯೇ ಕೇಳುತ್ತಾನೆ. ನಿಜ ಹೇಳಿ: ಆಗ ಈಗಿನ ಔಷಧಿ, ಲಸಿಕೆ ಇರಲಿಲ್ಲ, ತುಂಬ ಮಕ್ಕಳು ಕಾಯಿಲೆಯಿಂದ ಹೋಗುತ್ತಿದ್ದರು. ಎಂಟು ವರ್ಷದ ಹುಡುಗನಿಗೆ ಅಷ್ಟು ಅರ್ಥವಾಗುತ್ತದೆ.

ಇನ್ನು ರೋಗದ ಭಯ. ಪಕ್ಕದ ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾಂಕ್ರಾಮಿಕ ರೋಗಗಳಿಂದ ಸತ್ತವರು ಈ ಊರಿನ ಹಳೆಯ ಸ್ಮಶಾನಗಳಲ್ಲಿ ಇದ್ದೇ ಇದ್ದಾರೆ. ಆದರೆ ಆ ರೋಗ ಇವತ್ತು ಗೋರಿಯಿಂದ ಎದ್ದು ಬರುವುದಿಲ್ಲ. ಪ್ಲೇಗು ಹರಡುವುದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ. ಕಾಲರಾ ಬರುವುದು ಕಲುಷಿತ ನೀರು, ಆಹಾರದಿಂದ. ಮಣ್ಣಿನಡಿ ನೂರು ವರ್ಷದಿಂದ ಇರುವ ಎಲುಬಿನಿಂದ, ಮೇಲೆ ನಡೆದಾಡುವವರಿಗೆ ಈ ಕಾಯಿಲೆಗಳು ಬರುವುದಿಲ್ಲ. ಈ ಕಾರಣಕ್ಕೆ ಮಾಸ್ಕ್ ಬೇಕಿಲ್ಲ.

ಆದರೆ ಈ ರೋಗಗಳ ಕಥೆಯನ್ನು ನಿಮ್ಮ ಮಗಳು ಪ್ರಾಜೆಕ್ಟಿನಲ್ಲಿ ಬಿಡಬಾರದು. ಮುಂಬಯಿಯ ಹಳೆಯ ಗೋರಿಗಳಲ್ಲಿ ವಯಸ್ಸು ನೋಡುತ್ತ ಹೋದರೆ 22, 27, 31 ಇಂಥ ಸಂಖ್ಯೆಗಳು ಮತ್ತೆ ಮತ್ತೆ ಸಿಗುತ್ತವೆ. ಎರಡು ಮಳೆಗಾಲವೇ ಒಬ್ಬ ಮನುಷ್ಯನ ಆಯಸ್ಸು ಎಂಬ ಮಾತು 17ನೇ ಶತಮಾನದ ಬೊಂಬಾಯಿಯ ಇಂಗ್ಲಿಷರಲ್ಲಿ ಚಾಲ್ತಿಯಲ್ಲಿತ್ತು. ಏಳು ದ್ವೀಪಗಳ ನಡುವಿನ ಜೌಗು ನೆಲ, ಸೊಳ್ಳೆ, ಕೆಟ್ಟ ನೀರು ಇವುಗಳ ಫಲ ಅದು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಜನ ಗಂಟು ಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡು ಪರೀಕ್ಷಿಸಿದ. ಪರೇಲಿನ ಹಾಫ್ಕಿನ್ ಸಂಸ್ಥೆ ಅವನ ಹೆಸರಿನದೇ, ಶಿವಡಿಯಿಂದ ದೂರವಿಲ್ಲ. ಮುಂದೆ 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಜೂನಿನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಭೀಕರವಾಯಿತು. ಗೋರಿಗಲ್ಲುಗಳ ಮೇಲಿನ ತಾರೀಖುಗಳನ್ನು ಮಗಳು ಒಂದು ಪಟ್ಟಿ ಮಾಡಿ, ಯಾವ ವರ್ಷಗಳಲ್ಲಿ ಜಾಸ್ತಿ ಸಾವುಗಳಿವೆ ಎಂದು ನೋಡಲಿ. ಸುಮ್ನೆ ಹತ್ತು ಫೋಟೊ ಅಂಟಿಸುವುದಕ್ಕಿಂತ ಅದು ನಿಜವಾದ ಇತಿಹಾಸದ ಕೆಲಸ. ಒಂದು ಎಚ್ಚರಿಕೆ ಮಾತ್ರ: ಕಲ್ಲಿನ ಗೋರಿ ಕಟ್ಟಿಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಪ್ಲೇಗಿನಲ್ಲಿ ಸತ್ತ ಗಿರಣಿ ಕಾರ್ಮಿಕರ ಹೆಸರು ಯಾವ ಕಲ್ಲಿನ ಮೇಲೂ ಸಿಗುವುದು ಅಪರೂಪ. ಆ ಮಾತನ್ನೂ ಅವಳು ಬರೆಯಲಿ.

ಸ್ಮಶಾನ ಶಿವಡಿಗೆ ಬಂದದ್ದು ಹೇಗೆ ಎಂಬುದೂ ಊರಿನ ಕಥೆಯೇ. ಇಂಗ್ಲಿಷರ ಮೊದಲ ಸ್ಮಶಾನ ದ್ವೀಪದ ದಕ್ಷಿಣ ತುದಿಯ ಮೆಂಡಮ್ಸ್ ಪಾಯಿಂಟಿನಲ್ಲಿತ್ತು. ಆಮೇಲೆ ಈಗಿನ ಮರೀನ್ ಲೈನ್ಸ್ ಹತ್ತಿರದ ಸೋನಾಪುರಕ್ಕೆ ಬಂತು. ಊರು ಬೆಳೆದು ಅದೂ ತುಂಬಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಬೊಂಬಾಯಿಗೆ ಹಣ ಹರಿದುಬಂದಿತ್ತು. ಕೋಟೆಯ ಗೋಡೆಗಳನ್ನು ಕೆಡವಿದ್ದೂ ಆಗಲೇ. ಆ ಹೊತ್ತಿಗೆ, 1865ರಲ್ಲಿ, ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಶಿವಡಿಯಲ್ಲಿ ಹೊಸ ಸ್ಮಶಾನ ಮಾಡಿಸಿದ. ಸಿಎಸ್‌ಎಂಟಿ ಹತ್ತಿರದ ಕ್ರಾಫರ್ಡ್ ಮಾರ್ಕೆಟ್ ಇದೆಯಲ್ಲ, ಅದೇ ಕ್ರಾಫರ್ಡ್. ಸ್ಮಶಾನಕ್ಕೆ ಮೊದಲು ಶಿವಡಿಯ ಆ ಜಾಗದಲ್ಲಿ ಕೃಷಿ ತೋಟಗಾರಿಕೆ ಸಂಘದ ಸಸ್ಯೋದ್ಯಾನವಿತ್ತು. ಬೈಕಲಾದಲ್ಲಿ ಹೊಸ ಉದ್ಯಾನ ಆದಮೇಲೆ ಈ ಜಾಗ ಸ್ಮಶಾನಕ್ಕೆ ಸಿಕ್ಕಿತು. ಆ ಹೊಸ ಉದ್ಯಾನವೇ ಈಗ ಮಕ್ಕಳು ಪೆಂಗ್ವಿನ್ ನೋಡಲು ಹೋಗುವ ರಾಣಿಬಾಗ್. ಊರು ಉತ್ತರಕ್ಕೆ ಬೆಳೆದಂತೆಲ್ಲ ಸ್ಮಶಾನವೂ ಉತ್ತರಕ್ಕೆ ಸರಿದದ್ದನ್ನು ನಕ್ಷೆಯ ಮೇಲೆ ಮೂರು ಚುಕ್ಕೆ ಇಟ್ಟು ತೋರಿಸಬಹುದು.

ಮಗಳು ಹುಡುಕುತ್ತಿರುವ ಇಂಜಿನಿಯರ್ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. 1847ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಹುಟ್ಟಿದವನು. ನಮ್ಮ ಹಿರಿಯರು ಈಗಲೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಎನ್ನುವ ಸಿಎಸ್‌ಎಂಟಿ ಸ್ಟೇಷನ್ನಿನ ನಕ್ಷೆ ಅವನದು. ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. 2004ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎದುರಿಗಿರುವ ಮಹಾನಗರ ಪಾಲಿಕೆಯ ಕಟ್ಟಡವೂ ಅವನದೇ, 1893ರಲ್ಲಿ ಮುಗಿಯಿತು. ಚರ್ಚ್‌ಗೇಟ್ ಎದುರಿನ ಪಶ್ಚಿಮ ರೈಲ್ವೆಯ ಮುಖ್ಯ ಕಚೇರಿಯೂ ಅವನದೇ. 1900ರ ಮಾರ್ಚಿನಲ್ಲಿ ಮಲೇರಿಯಾದಿಂದ ತೀರಿಕೊಂಡ. 52 ವರ್ಷ. ಶಿವಡಿಯಲ್ಲೇ ಹೂತರು. ಆದರೆ 'ಕಟ್ಟಿದ' ಎಂದು ಅವನೊಬ್ಬನ ಹೆಸರು ಬರೆದರೆ ಅನ್ಯಾಯವಾಗುತ್ತದೆ. ಆ ಗೋಡೆಗಳ ಮೇಲಿನ ನವಿಲು, ಎಲೆ, ಬಳ್ಳಿಗಳಲ್ಲಿ ಎಷ್ಟೋ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಕಲ್ಲು ಹೊತ್ತವರು, ಕಡೆದವರು ಸಾವಿರಾರು ಜನ.

ಇದು ಬರೀ ಬ್ರಿಟಿಷರ ಸ್ಮಶಾನ ಎಂಬುದೂ ತಪ್ಪು. ಟಿಳಕರ ಒಡನಾಡಿಯಾಗಿ ಹೋಮ್ ರೂಲ್ ಚಳವಳಿಯಲ್ಲಿ ದುಡಿದ, 1925ರಲ್ಲಿ ಮುಂಬಯಿಯ ಮೇಯರ್ ಆದ ಕಾಕಾ ಜೋಸೆಫ್ ಬ್ಯಾಪ್ಟಿಸ್ಟಾ ಇಲ್ಲೇ ಇದ್ದಾರೆ. 1930ರಲ್ಲಿ ತೀರಿಕೊಂಡರು. ಕಾರ್ಮಿಕ ಸಂಘಟನೆಗೆ ಅವರು ಮಾಡಿದ ಕೆಲಸ ದೊಡ್ಡದು. ಡಿಸೋಜ, ಫರ್ನಾಂಡಿಸ್ ಎಂಬ ನಮ್ಮ ಕರಾವಳಿಗೆ ಪರಿಚಿತ ಹೆಸರುಗಳೂ ಸಾಲು ಸಾಲಾಗಿ ಸಿಗುತ್ತವೆ. ಇಂಗ್ಲಿಷ್ ಹೆಸರುಗಳ ಬೆನ್ನು ಹತ್ತಿ ಇವರನ್ನು ದಾಟಿ ಹೋಗಬೇಡಿ.

ಸೈನಿಕರ ಗೋರಿಗಳ ಬಗ್ಗೆ ಮಾತ್ರ ಮಗಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನಿರಾಸೆಯಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಶಿವಡಿಯಲ್ಲಿ ಹೂತಿದ್ದ 629 ಸೈನಿಕರ ಅವಶೇಷಗಳನ್ನು 1962ರಲ್ಲಿ ಪುಣೆಯ ಖಡಕಿ ಯುದ್ಧ ಸ್ಮಶಾನಕ್ಕೆ ಸಾಗಿಸಿದರು. ಖಡಕಿಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ನೋಡಿಕೊಳ್ಳುತ್ತದೆ. ಅಲ್ಲಿ ಎರಡನೇ ಮಹಾಯುದ್ಧದ 1,668 ಗೋರಿಗಳಿವೆ. ಮೊದಲ ಮಹಾಯುದ್ಧದಲ್ಲಿ ಸತ್ತ 1,800ಕ್ಕೂ ಹೆಚ್ಚು ಮಂದಿಯ ಹೆಸರುಗಳುಳ್ಳ ಸ್ಮಾರಕವೂ ಇದೆ. ಅಧಿಕಾರಿಯಾಗಲಿ, ಸಿಪಾಯಿಯಾಗಲಿ, ಕಲ್ಲಿನ ಅಳತೆಯಲ್ಲಿ ಭೇದ ಮಾಡಬಾರದು ಎಂಬುದು ಆ ಆಯೋಗದ ನಿಯಮ. ನಿಮಗೆ ಪುಣೆಯಲ್ಲಿ ನೆಂಟರಿದ್ದರೆ ಇನ್ನೊಂದು ವಾರ ಹೋಗಿ. ನೆಲ ಸಮತಟ್ಟು, ದಾರಿ ಸರಿಯಿದೆ, ಮಾವನಿಗೆ ಶಿವಡಿಗಿಂತ ಅದೇ ಸುಲಭ.

ಈಗ ಸೀಮೆಸುಣ್ಣದ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಗೋರಿಗಲ್ಲುಗಳಿಗೆ ಜಾಸ್ತಿ ಹಾನಿ ಮಾಡುವವರಲ್ಲಿ ಪ್ರೀತಿಯಿಂದ ಬರುವವರೂ ಇದ್ದಾರೆ. ದಯವಿಟ್ಟು ಉಜ್ಜಬೇಡಿ. ಹಳೆಯ ಬಿಳಿ ಗೋರಿಗಳು ಹೆಚ್ಚಾಗಿ ಅಮೃತಶಿಲೆಯವು. ಅಮೃತಶಿಲೆ ಎಂದರೆ ಬಿಗಿಯಾಗಿ ಕೂಡಿಕೊಂಡ ಸುಣ್ಣದ ಹರಳುಗಳು. ಮುಂಬಯಿಯ ಮಳೆ, ಹೊಗೆ, ಕಡಲಿನ ಉಪ್ಪುಗಾಳಿ ನೂರು ವರ್ಷ ತಾಗಿದ ಮೇಲೆ ಹರಳುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬೆರಳಿನಿಂದ ಸವರಿದರೆ ಸಕ್ಕರೆಯಂತೆ ಉದುರುತ್ತದೆ. ಅಂಥ ಕಲ್ಲಿನ ಮೇಲೆ ಸೀಮೆಸುಣ್ಣ ಒತ್ತಿ ಉಜ್ಜಿದರೆ ಇವತ್ತು ಒಂದು ಹೆಸರು ಓದಲು ಸಿಗುತ್ತದೆ, ಆದರೆ ಅಕ್ಷರದ ಅಂಚು ಇನ್ನಷ್ಟು ಸವೆಯುತ್ತದೆ. ಪುಡಿ ಕಲ್ಲಿನ ಸಂದುಗಳಲ್ಲಿ ಉಳಿದು ತೇವ ಹಿಡಿದಿಡುತ್ತದೆ. ರಂಗೋಲಿ ಪುಡಿ, ಅಕ್ಕಿಹಿಟ್ಟು, ಶೇವಿಂಗ್ ಕ್ರೀಮು ಯಾವುದೂ ಬೇಡ. ಹಿಟ್ಟು ಬೂಷ್ಟಿಗೂ ಇರುವೆಗೂ ಊಟವಾಗುತ್ತದೆ.

ಇನ್ನೂ ಕೆಟ್ಟದ್ದು 'ಸ್ವಚ್ಛ ಮಾಡುವ' ಉತ್ಸಾಹ. ನಿಂಬೆಹಣ್ಣು, ವಿನೆಗರ್, ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿದರೆ ಅಮೃತಶಿಲೆ ನೊರೆ ಬಂದು ಕರಗುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕಿದ ಕಲ್ಲು ಎರಡು ಮಳೆಗಾಲದೊಳಗೆ ಮೊದಲಿಗಿಂತ ಕಪ್ಪಾಗುವುದನ್ನು ನಾನು ನೋಡಿದ್ದೇನೆ. ಮೇಲ್ಮೈ ಒರಟಾದಷ್ಟೂ ಪಾಚಿಗೆ ಹಿಡಿತ ಹೆಚ್ಚು. ಕೆಲವು ಕಲ್ಲುಗಳಲ್ಲಿ ಅಕ್ಷರ ಕೆತ್ತಿ ಅದರೊಳಗೆ ಸೀಸ ಬಡಿದು ತುಂಬಿರುತ್ತಾರೆ. ಸುತ್ತಲಿನ ಕಲ್ಲು ಸವೆದು ಸೀಸದ ಅಕ್ಷರ ಎದ್ದು ನಿಂತಿದ್ದರೆ ಮಕ್ಕಳು ಉಗುರಿನಿಂದ ಕೀಳದಂತೆ ನೋಡಿಕೊಳ್ಳಿ. ಬಿದ್ದ ಅಕ್ಷರ ಕಂಡರೆ ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಬಿಡಿ. ಗೋರಿಯ ಸಂದಿನಲ್ಲಿ ಅರಳಿ ಸಸಿ ಕಂಡರೆ ಎಳೆಯಬೇಡಿ. ಬೇರು ಕಲ್ಲನ್ನು ಹಿಡಿದುಕೊಂಡಿರುತ್ತದೆ, ಸಸಿಯ ಜೊತೆ ಕಲ್ಲೂ ಸೀಳಿಕೊಂಡು ಬರುತ್ತದೆ. ಅದನ್ನು ಗೊತ್ತಿರುವವರೇ ತೆಗೆಯಬೇಕು.

ಹಾಗಾದರೆ ಓದುವುದು ಹೇಗೆ? ಬೆಳಕಿನಿಂದ. ಮೊಬೈಲಿನ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ, ಪಕ್ಕದಿಂದ, ಕಲ್ಲಿಗೆ ಅಂಟಿಕೊಂಡಂತೆ ಓರೆಯಾಗಿ ಹಿಡಿಯಿರಿ. ಸವೆದ ಅಕ್ಷರದ ಗುಳಿಗಳಲ್ಲಿ ನೆರಳು ಬಿದ್ದು ಹೆಸರು ತಾನಾಗಿ ಏಳುತ್ತದೆ. ಬಿಸಿಲು ಜೋರಾಗಿದ್ದರೆ ಟಾರ್ಚಿನ ಬೆಳಕು ಸಾಲುವುದಿಲ್ಲ. ಆಗ ಒಬ್ಬರು ಕೊಡೆ ಹಿಡಿದು ನೆರಳು ಮಾಡಿ, ಇನ್ನೊಬ್ಬರು ಸಣ್ಣ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ. ಮಗ ಈ ಕೆಲಸವನ್ನು ಖುಷಿಯಿಂದ ಮಾಡುತ್ತಾನೆ. ನೆಲಕ್ಕೆ ಹಾಸಿದ ಕಲ್ಲುಗಳು ಬೆಳಿಗ್ಗೆ ಎಂಟು, ಒಂಬತ್ತರ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಮಧ್ಯಾಹ್ನ ಅವೇ ಕಲ್ಲುಗಳು ಬೋಳಾಗಿ ಕಾಣುತ್ತವೆ.

ನಿಜವಾದ ಅಪಾಯಗಳಿಗೆ ಬರುತ್ತೇನೆ. ಹಳೆಯ ಗೋರಿಗಳ ಕಲ್ಲುಗಳನ್ನು ಒಳಗೆ ಕಬ್ಬಿಣದ ಮೊಳೆಗಳಿಂದ ಜೋಡಿಸಿರುತ್ತಾರೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಶಿಲುಬೆ ಒಂದು ಕೈ ಊರಿದರೆ ವಾಲಬಹುದು. ಆದ್ದರಿಂದ ಒರಗುವುದು, ಹತ್ತುವುದು, ಕೂತು ಫೋಟೊ ತೆಗೆಯುವುದು ಬೇಡವೇ ಬೇಡ. ನೆಲಗಲ್ಲುಗಳ ಕೆಳಗೆ ಮಣ್ಣು ಕುಸಿದಿರಬಹುದು, ಅವುಗಳ ಮೇಲೆ ಕಾಲಿಡದೆ ದಾರಿಯಲ್ಲೇ ನಡೆಯಿರಿ. ಎತ್ತರದ ಹುಲ್ಲಿಗೆ ಇಳಿಯಬೇಡಿ, ಬಿರುಕಿಗೆ ಕೈ ಹಾಕಬೇಡಿ. ಹಾವುಗಳಿಗೆ ಇಂಥ ಜಾಗ ಇಷ್ಟ. ಯಾರಿಗಾದರೂ ಕಚ್ಚಿದರೆ ದಾರ ಬಿಗಿಯುವುದು, ಕೊಯ್ಯುವುದು, ಚೀಪುವುದು ಏನೂ ಮಾಡದೆ, ಆ ಕೈಕಾಲು ಅಲುಗಿಸದೆ, ಉಂಗುರ ಗಡಿಯಾರ ತೆಗೆದು, ನೇರ ಆಸ್ಪತ್ರೆಗೆ ಹೋಗಬೇಕು. ಹತ್ತಿರದ ದೊಡ್ಡ ಸಾರ್ವಜನಿಕ ಆಸ್ಪತ್ರೆ ಪರೇಲಿನ ಕೆಇಎಂ. ಮುಚ್ಚಿದ ಬೂಟು, ಉದ್ದ ಪ್ಯಾಂಟು, ಸೊಳ್ಳೆ ಕಚ್ಚದಂತೆ ಹಚ್ಚುವ ಕ್ರೀಮು, ನೀರು, ಟೋಪಿ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹೋಗುವುದೇ ಬೇಡ. ಕಲ್ಲು ಜಾರುತ್ತದೆ, ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಬರುವುದು ಈ ಊರಿಗೆ ಹೊಸತಲ್ಲ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ. ನವೆಂಬರ್ 2 ಮಾತ್ರ ಬೇಡ. ಅದು ಕ್ರೈಸ್ತರು ತಮ್ಮ ಅಗಲಿದವರನ್ನು ನೆನೆಯುವ ದಿನ. ಕುಟುಂಬಗಳು ಹೂವು, ಮೇಣದಬತ್ತಿ ಹಿಡಿದು ಬರುತ್ತವೆ, ಆ ದಿನ ನೋಡುಗರು ಅಡ್ಡ ನಿಲ್ಲಬಾರದು.

ದಿನವನ್ನು ಹೇಗೆ ಜೋಡಿಸುವುದು? ಎಲ್ಲರೂ ಒಟ್ಟಿಗೆ ಎಲ್ಲ ಕಡೆ ಹೋಗಬೇಕೆಂದಿಲ್ಲ. ನೀವು, ಮಕ್ಕಳು ಒಂದು ಶನಿವಾರ ಬೆಳಿಗ್ಗೆ ಬೇಗ ಹೊರಡಿ. ಭಾನುವಾರ ಹಾರ್ಬರ್ ಲೈನಿನಲ್ಲಿ ಆಗಾಗ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಗಾಡಿಗಳನ್ನು ನಿಲ್ಲಿಸುವುದು) ಇರುತ್ತದೆ, ಸ್ಮಶಾನಕ್ಕೆ ಬರುವ ಕುಟುಂಬಗಳೂ ಜಾಸ್ತಿ. ಕುರ್ಲಾದಲ್ಲಿ ಇಳಿದು ಸಿಎಸ್‌ಎಂಟಿ ಕಡೆಗೆ ಹೋಗುವ ಹಾರ್ಬರ್ ಗಾಡಿ ಹಿಡಿದು ಶಿವಡಿಯಲ್ಲಿ ಇಳಿಯಿರಿ. ಸ್ಮಶಾನ ಸ್ಟೇಷನ್ನಿನ ಪಶ್ಚಿಮಕ್ಕಿದೆ, ನಡೆದು ಹೋಗುವಷ್ಟು ದೂರ. ಗೇಟಿನಲ್ಲಿರುವವರಿಗೆ ಬಂದ ಕಾರಣ ಹೇಳಿ, ಫೋಟೊ ತೆಗೆಯಬಹುದೇ ಎಂದು ಕೇಳಿ. ಶಾಲೆಯಿಂದ ಒಂದು ಪತ್ರ ತಂದಿದ್ದರೆ ಕೆಲಸ ಸುಲಭ. ಸ್ಟೀವನ್ಸನ ಗೋರಿ ತಾವಾಗಿಯೇ ಹುಡುಕುತ್ತ ಅಲೆಯಬೇಡಿ, ಜಾಗ ದೊಡ್ಡದು. ಹೆಸರು, ತೀರಿಕೊಂಡ ವರ್ಷ ಬರೆದುಕೊಂಡು ಹೋಗಿ ಅಲ್ಲಿನವರನ್ನೇ ಕೇಳಿ. ಬೇಡ ಅಂದರೆ ವಾದ ಮಾಡದೆ ವಾಪಸ್ ಬನ್ನಿ. ಎರಡು ಗಂಟೆಗಿಂತ ಹೆಚ್ಚು ನಿಲ್ಲಬೇಡಿ, ಮಕ್ಕಳಿಗೆ ಸಾಕಾಗುತ್ತದೆ. ಹೊಸ ಗೋರಿಗಳನ್ನು, ಅಳುತ್ತಿರುವವರನ್ನು ಕ್ಯಾಮೆರಾಕ್ಕೆ ತಂದುಕೊಳ್ಳಬೇಡಿ. ಶವಯಾತ್ರೆ ಒಳಗೆ ಬಂದರೆ ಪಕ್ಕಕ್ಕೆ ಸರಿದು, ಫೋನ್ ಜೇಬಿಗಿಟ್ಟು, ಅದು ದಾಟುವವರೆಗೆ ನಿಲ್ಲಿ. ಮುಂಬಯಿಯಲ್ಲಿ ಜಾಗದ ಕೊರತೆಯಿಂದ ಖಾಯಂ ಅಲ್ಲದ ಗೋರಿಗಳನ್ನು ಮತ್ತೆ ಬಳಸುತ್ತಾರೆ, ಎಲುಬುಗಳನ್ನು ಗೋಡೆಯ ಗೂಡುಗಳಲ್ಲಿ ಇಡುತ್ತಾರೆ. ಆ ಗೂಡುಗಳ ಮುಂದೆ ಯಾವಾಗಲೂ ಯಾರಾದರೂ ಪ್ರಾರ್ಥಿಸುತ್ತ ನಿಂತಿರಬಹುದು.

ಅಲ್ಲಿಂದ ಅದೇ ಹಾರ್ಬರ್ ಗಾಡಿಯಲ್ಲಿ ಸಿಎಸ್‌ಎಂಟಿಗೆ ಹೋಗಿ. ಮಾವ ನೇರವಾಗಿ ಡೊಂಬಿವಲಿಯಿಂದ ಫಾಸ್ಟ್ ಗಾಡಿಯಲ್ಲಿ ಅಲ್ಲಿಗೇ ಬಂದು ಸೇರಲಿ, ಜೊತೆಗೆ ನಿಮ್ಮ ಯಜಮಾನರು ಇದ್ದರೆ ಒಳ್ಳೆಯದು. ಮಕ್ಕಳು ಸತ್ತವನ ಹೆಸರು ನೋಡಿ ಬಂದು, ಈಗ ಅವನ ಕೆಲಸ ನೋಡುತ್ತಾರೆ. ಸ್ಟೇಷನ್ನನ್ನು ಎದುರುಗಡೆಯಿಂದ ನಿಧಾನವಾಗಿ ನೋಡಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಒಂದು ಬ್ರಿಟನ್, ಇನ್ನೊಂದು ಭಾರತ. ಆಮೇಲೆ ಡಿ.ಎನ್. ರಸ್ತೆಯ ಕಮಾನುಗಳ ಕೆಳಗಿನ ನೆರಳಿನಲ್ಲಿ ನಡೆದು ಫ್ಲೋರಾ ಫೌಂಟನ್, ಅಲ್ಲಿಂದ ಹಾರ್ನಿಮನ್ ಸರ್ಕಲ್ ಕಡೆಯ ಸೇಂಟ್ ಥಾಮಸ್ ಕ್ಯಾಥೆಡ್ರಲ್. ಒಟ್ಟು ಸುಮಾರು ಒಂದು ಕಿಲೋಮೀಟರ್. ಆ ಕಮಾನುಗಳ ಕೆಳಗೆ ಹಳೆಯ ಪುಸ್ತಕ, ನಾಣ್ಯ, ಬೆಲ್ಟು ಎಲ್ಲ ಮಾರುತ್ತಾರೆ, ಮಾವ ಅಲ್ಲಲ್ಲಿ ನಿಂತು ಕಾಲಿಗೆ ಬಿಡುವು ಕೊಡಬಹುದು. ಆಗದಿದ್ದರೆ ಟ್ಯಾಕ್ಸಿ ಇದ್ದೇ ಇದೆ.

ಮಾವನಿಗಾಗಿ ನಾನು ಹೇಳುವ ಜಾಗ ಈ ಕ್ಯಾಥೆಡ್ರಲ್ಲೇ. 1718ರಲ್ಲಿ ಪೂಜೆಗೆ ತೆರೆದದ್ದು. ಚರ್ಚ್‌ಗೇಟ್ ಎಂಬ ಹೆಸರು ಬಂದದ್ದು ಈ ಇಗರ್ಜಿಗೆ ಹೋಗುವ ಕೋಟೆ ಬಾಗಿಲಿನಿಂದ. ಒಳಗೆ ನೆರಳಿದೆ, ಬೆಂಚುಗಳಿವೆ, ಫ್ಯಾನ್ ಇದೆ. ಗೋಡೆಯುದ್ದಕ್ಕೂ ಅಮೃತಶಿಲೆಯ ಸ್ಮಾರಕಗಳು. 1811ರಲ್ಲಿ ತೀರಿಕೊಂಡ ಗವರ್ನರ್ ಜೊನಾಥನ್ ಡಂಕನ್‌ನ ಸಮಾಧಿಯೂ ಇಲ್ಲಿದೆ. ಬಯಲಿನ ಗೋರಿಗಳಲ್ಲಿ ಸವೆದುಹೋದ ಕೆತ್ತನೆ ಮೊದಲು ಹೇಗಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ, ಏಕೆಂದರೆ ಇವುಗಳ ಮೇಲೆ ಮಳೆ ಬಿದ್ದಿಲ್ಲ. ಶಿವಡಿಗೆ ಹೋಗಲು ಯಾವುದೋ ಕಾರಣಕ್ಕೆ ಆಗದೇ ಹೋದರೆ, ಇದೊಂದನ್ನೇ ನೋಡಿದರೂ ಮಗಳ ಪ್ರಾಜೆಕ್ಟಿಗೆ ಬೇಕಾದಷ್ಟು ಸಿಗುತ್ತದೆ. ಪ್ರಾರ್ಥನೆಯ ಹೊತ್ತು ತಪ್ಪಿಸಿ ಹೋಗಿ.

ಊಟವನ್ನು ಕೋಟೆ ಪ್ರದೇಶದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಮಾಡಿ, ಆಗ ಮಾವನಿಗೆ ಮಾತಾಡಲು ಬಿಡಿ. ನಮ್ಮ ಕರಾವಳಿಯ ಹುಡುಗರು ಇದೇ ಗಲ್ಲಿಗಳ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತರು. ಆ ಪೀಳಿಗೆಗೆ ಕಲ್ಲಿನ ಸ್ಮಾರಕಗಳಿಲ್ಲ, ಇರುವುದು ಹಿರಿಯರ ಬಾಯಿಮಾತು. ಮಗಳು ಸ್ಟೀವನ್ಸನ ಬಗ್ಗೆ ಎರಡು ಪುಟ ಬರೆದರೆ, ಇವರ ಬಗ್ಗೆ ಒಂದು ಪುಟವಾದರೂ ಬರೆಯಲಿ. ಮಾವನವರಿಗೆ ಅಂಥ ಹುಡುಗರ ಪರಿಚಯ ಇದ್ದೇ ಇರುತ್ತದೆ.

ಪ್ರಾಜೆಕ್ಟಿಗೆ ಇನ್ನೊಂದು ಸೂಚನೆ. ಬೋರಿವಲಿಯ ಏಕಸರದಲ್ಲಿ ಶಿಲಾಹಾರ ರಾಜರ ಕಾಲದ ವೀರಗಲ್ಲುಗಳಿವೆ. ಅವುಗಳಲ್ಲಿ ದೋಣಿಗಳ ಸಾಲು, ಕಡಲ ಯುದ್ಧ ಕೆತ್ತಿದ್ದಾರೆ. ಊರಿನ ವೀರಗಲ್ಲು ನೋಡಿದ ಮಾವನಿಗೆ ಅವುಗಳನ್ನು ಓದುವ ಕ್ರಮ ಗೊತ್ತಿರುತ್ತದೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಶಿವಡಿಯ ಮುರಿದ ಕಂಬದ ಚಿತ್ರವನ್ನೂ ಏಕಸರದ ಕಲ್ಲಿನ ಚಿತ್ರವನ್ನೂ ಒಂದೇ ಪುಟದಲ್ಲಿ ಇಟ್ಟು, ಸತ್ತವರನ್ನು ಈ ಊರು ಎಷ್ಟು ಬಗೆಯಲ್ಲಿ ನೆನೆದಿದೆ ಎಂದು ಅವಳು ಬರೆಯಬಹುದು. ಏಕಸರಕ್ಕೆ ಅತ್ತೆಯವರೂ ಬೇಡ ಅನ್ನಲಾರರು, ಅವರನ್ನೂ ಕರೆದುಕೊಂಡು ಹೋಗಿ.